ಕೊಡುವ ಲೋಹ, ಪಡೆಯುವ ಲೋಹ

ಮುಂಗಾರು ಹಿಡಿಯುವ ಮುಂಚೆ ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಕೆಲಸ ಶುರುವಾಗುತ್ತದೆ. ಒಂದು ಡ್ರಮ್ಮಿನಲ್ಲಿ 1 ಕಿಲೊ ಮೈಲುತುತ್ತ 50 ಲೀಟರ್ ನೀರಿನಲ್ಲಿ ಕರಗಿರುತ್ತದೆ. ಇನ್ನೊಂದರಲ್ಲಿ 1 ಕಿಲೊ ಸುಣ್ಣ, ಅಷ್ಟೇ ನೀರಿನಲ್ಲಿ. ಎರಡನ್ನೂ ಬೆರೆಸಿದರೆ ಸಿಗುವ ತಿಳಿನೀಲಿ ಬೋರ್ಡೊ ದ್ರಾವಣವೇ ಕೊಳೆರೋಗಕ್ಕೆ ಮದ್ದು. ಮರ ಹತ್ತುವವರು ಸಜ್ಜಾಗುವಷ್ಟರಲ್ಲಿ ಕೆಳಗೆ ನಿಂತ ಬೆಳೆಗಾರರು ಒಂದು ಪರೀಕ್ಷೆ ಮುಗಿಸುತ್ತಾರೆ. ಮಸೆದ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು ನೋಡುತ್ತಾರೆ. ಅಲಗು ಇದ್ದ ಹಾಗೇ ಹೊಳೆಯುತ್ತಿದ್ದರೆ ಮದ್ದು ಹದವಾಗಿದೆ. ಕೆಂಪು ಮೆತ್ತಿಕೊಂಡಿದ್ದರೆ ಇನ್ನಷ್ಟು ಸುಣ್ಣದ ನೀರು ಬೇಕು. ಹಾಗೇ ಹೊಡೆದರೆ ಹಿಂಗಾರ, ಎಳೆಗಾಯಿ ಸುಟ್ಟುಹೋಗುತ್ತವೆ.

ಅಲಗಿನ ಮೇಲಿನ ಆ ಕೆಂಪು, ತಾಮ್ರ. ಕತ್ತಿಯ ಕಬ್ಬಿಣದ ಪರಮಾಣು ತನ್ನ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗಿಳಿದಿದೆ. ನೀರಿನಲ್ಲಿದ್ದ ತಾಮ್ರದ ಅಯಾನು, ಅಂದರೆ ಎರಡು ಎಲೆಕ್ಟ್ರಾನು ಕಳೆದುಕೊಂಡ ಪರಮಾಣು, ಆ ಎರಡನ್ನು ಪಡೆದು, ಲೋಹವಾಗಿ ಅಲಗಿಗೆ ಅಂಟಿದೆ. ಸುಣ್ಣ ಸಾಕಷ್ಟು ಬಿದ್ದ ದ್ರಾವಣದಲ್ಲಿ ತಾಮ್ರವೆಲ್ಲ ನೀಲಿ ಗಷ್ಟಾಗಿ ಕೂತಿರುವುದರಿಂದ, ಎಲೆಕ್ಟ್ರಾನ್ ಪಡೆಯಲು ಬಿಡಿ ಅಯಾನುಗಳೇ ಹೆಚ್ಚುಕಡಿಮೆ ಇರುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ವಿವರವಾಗಿ ಬರೆದು ಬೋರ್ಡೊ ಸಿಂಪಡಣೆಯನ್ನು ಮಲೆನಾಡಿಗೆ ಪರಿಚಯಿಸಿದರು. ಅಂದಿನಿಂದ ಇಂದಿನವರೆಗೆ ಎಷ್ಟು ಸಾವಿರ ಕತ್ತಿಗಳು ಈ ನೀಲಿ ದ್ರಾವಣದಲ್ಲಿ ಮುಳುಗಿ ಎದ್ದಿವೆಯೋ! ವಿದ್ಯುತ್ ರಸಾಯನಶಾಸ್ತ್ರದ ಅತ್ಯಂತ ಮುಖ್ಯವಾದ ಪ್ರಯೋಗವೊಂದು ನಮ್ಮಲ್ಲಿ ನೂರು ವರ್ಷಗಳಿಂದ ತೋಟದ ಕೆಲಸವಾಗಿ ನಡೆದುಬಂದಿದೆ.

ಇದನ್ನೇ ತಿರುಗಿಸಿ ಮಾಡಿದರೆ? ತಾಮ್ರದ ತುಂಡನ್ನು ಅನ್ನಭೇದಿಯ, ಅಂದರೆ ಕಬ್ಬಿಣದ ಸಲ್ಫೇಟಿನ ದ್ರಾವಣದಲ್ಲಿ ಇಟ್ಟು ಎಷ್ಟು ಹೊತ್ತು ಕಾದರೂ ಅದರ ಮೇಲೆ ಕಬ್ಬಿಣ ಕೂರುವುದಿಲ್ಲ. ಕಬ್ಬಿಣ ತಾಮ್ರಕ್ಕೆ ಕೊಡುತ್ತದೆ, ತಾಮ್ರ ಕಬ್ಬಿಣಕ್ಕೆ ಕೊಡುವುದಿಲ್ಲ. ಹಾಗೆಯೇ ತಾಮ್ರ ಬೆಳ್ಳಿಗೆ ಕೊಡುತ್ತದೆ, ಸತು ಕಬ್ಬಿಣಕ್ಕೆ ಕೊಡುತ್ತದೆ, ಮೆಗ್ನೀಸಿಯಮ್ ಸತುವಿಗೆ ಕೊಡುತ್ತದೆ. ಯಾರು ಯಾರಿಗೆ ಕೊಡುತ್ತಾರೆ ಎಂಬ ಈ ಸಾಲನ್ನು ವೋಲ್ಟ್ ಲೆಕ್ಕದಲ್ಲಿ ಬರೆದಿಟ್ಟ ಪಟ್ಟಿಯೇ ವಿದ್ಯುದಗ್ರ ವಿಭವಗಳ ಪಟ್ಟಿ. ದ್ವಿತೀಯ ಪಿಯುಸಿ ಓದಿದವರೆಲ್ಲ ಇದನ್ನು ನೋಡಿಯೇ ಇರುತ್ತಾರೆ. ಸತು ಮೈನಸ್ 0.76, ಕಬ್ಬಿಣ ಮೈನಸ್ 0.44, ತಾಮ್ರ ಪ್ಲಸ್ 0.34, ಬೆಳ್ಳಿ ಪ್ಲಸ್ 0.80. ಪರೀಕ್ಷೆಗೆಂದು ಉರುಹೊಡೆದು, ಮುಗಿದ ಮೇಲೆ ಮರೆತುಬಿಡುವ ಅಂಕಿಗಳು. ನನಗೆ ಇದು ನೋವಿನ ಸಂಗತಿ. ಮನೆಯ ತಗಡಿನ ಸೂರು, ಜಗಲಿ ಮೂಲೆಯ ಇನ್ವರ್ಟರ್, ಕಿಸೆಯ ಫೋನು, ಕೋಲಾರದ ಚಿನ್ನ, ಎಲ್ಲಕ್ಕೂ ಒಂದೇ ಬೀಗದಕೈ ಆಗಿರುವ ಪಟ್ಟಿ ನಮ್ಮ ಮಕ್ಕಳ ಕೈಗೆ ಬಂದೂ ಬಾರದ ಹಾಗೆ ಹೋಗಿಬಿಡುತ್ತಿದೆ.

ನಡುವೆ ಒಂದು ಗೋಡೆ

ಕತ್ತಿಯ ಮೇಲೆ ತಾಮ್ರ ಕೂರುವಾಗ ಎಲೆಕ್ಟ್ರಾನುಗಳು ಕಬ್ಬಿಣದಿಂದ ತಾಮ್ರಕ್ಕೆ ನೇರವಾಗಿ ದಾಟುತ್ತವೆ. ಅದರಿಂದ ನಮಗೆ ಸಿಗುವುದು ಒಂದಿಷ್ಟು ಬಿಸಿ ಮಾತ್ರ. ಕೊಡುವವನನ್ನೂ ಪಡೆಯುವವನನ್ನೂ ಬೇರೆಬೇರೆ ಪಾತ್ರೆಗಳಲ್ಲಿ ಕೂರಿಸಿ, ಎಲೆಕ್ಟ್ರಾನುಗಳಿಗೆ ತಂತಿಯೊಂದನ್ನೇ ದಾರಿಯಾಗಿ ಬಿಟ್ಟರೆ ಆಗ ವಿದ್ಯುತ್ತು ನಮ್ಮ ಕೈಗೆ ಬರುತ್ತದೆ. ವಿದ್ಯುತ್ ಕೋಶ ಎಂದರೆ ಇಷ್ಟೇ.

ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಇದನ್ನು ಮೊದಲು ಸಾಧಿಸಿದರು. ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು ಇಟ್ಟು, ಒಂದರ ಮೇಲೊಂದು ಪೇರಿಸಿದ ಕಂಬದ ವಿವರವನ್ನು ಅವರು 1800ರ ಮಾರ್ಚ್ 20ರಂದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಬರೆದ ಪತ್ರದಲ್ಲಿ ತಿಳಿಸಿದರು. ಎರಡು ಲೋಹಗಳು ತಾಗಿದರೆ ಸಾಕು, ಆ ಸ್ಪರ್ಶದಿಂದಲೇ ವಿದ್ಯುತ್ತು ಹುಟ್ಟುತ್ತದೆ ಎಂಬುದು ವೋಲ್ಟಾ ಅವರ ನಂಬಿಕೆಯಾಗಿತ್ತು. ಸತು ಕರಗಿ ಬೆಲೆ ತೆರುತ್ತಿದೆ, ಅದು ಮುಗಿದರೆ ವಿದ್ಯುತ್ತೂ ಮುಗಿಯಿತು ಎಂಬುದನ್ನು ಒಪ್ಪಿಕೊಳ್ಳಲು ವಿಜ್ಞಾನಿಗಳಿಗೆ ಮುಂದೆ ಹಲವು ದಶಕಗಳ ವಾದವೇ ಬೇಕಾಯಿತು. ಸರಿಯಾದ ಯಂತ್ರ ಕೈಯಲ್ಲಿದ್ದೂ ವಿವರಣೆ ತಪ್ಪಿರಬಹುದು ಎಂಬುದಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ಒಳ್ಳೆಯ ಉದಾಹರಣೆ ಇನ್ನೊಂದು ನನಗೆ ಗೊತ್ತಿಲ್ಲ.

ವೋಲ್ಟಾ ಕಂಬಕ್ಕೆ ಒಂದು ಕಾಯಿಲೆಯಿತ್ತು. ಪಡೆಯುವ ಲೋಹದ ಮೇಲೆ ಹೈಡ್ರೊಜನ್ ಗುಳ್ಳೆಗಳು ಮುತ್ತಿಕೊಂಡು ವಿದ್ಯುತ್ತು ಬೇಗ ಸೊರಗುತ್ತಿತ್ತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಜಾನ್ ಫ್ರೆಡರಿಕ್ ಡೇನಿಯಲ್ 1836ರಲ್ಲಿ ಅದಕ್ಕೆ ಮದ್ದು ಕಂಡುಹಿಡಿದರು. ಮದ್ದಿನ ಹೆಸರು ಮೈಲುತುತ್ತ! ತಾಮ್ರದ ಸುತ್ತ ಮೈಲುತುತ್ತದ ದ್ರಾವಣ ತುಂಬಿದರೆ ಅಲ್ಲಿ ಹೈಡ್ರೊಜನ್ನಿನ ಬದಲು ತಾಮ್ರವೇ ತಾಮ್ರದ ಮೇಲೆ ಕೂರುತ್ತದೆ, ಗುಳ್ಳೆಯ ತಂಟೆಯೇ ಇಲ್ಲ. ಸತುವಿನ ಕಡೆಯ ದ್ರಾವಣ ಇದರೊಂದಿಗೆ ಬೆರೆಯದ ಹಾಗೆ, ಆದರೆ ಅಯಾನುಗಳು ನುಸುಳುವ ಹಾಗೆ ಒಂದು ಗೋಡೆ ಬೇಕು. ಡೇನಿಯಲ್ ಮೊದಲು ಬಳಸಿದ್ದು ಎತ್ತಿನ ಅನ್ನನಾಳ. ಆಮೇಲೆ ಅದರ ಜಾಗಕ್ಕೆ ಮೆರುಗು ಹಾಕದ ಮಣ್ಣಿನ ಕುಡಿಕೆ ಬಂತು. ಗಂಟೆಗಟ್ಟಲೆ ಕುಂದದ ವಿದ್ಯುತ್ತು ಕೊಡುತ್ತಿದ್ದ ಈ ಕೋಶವನ್ನು ತಂತಿ ಕಚೇರಿಗಳು ಅಪ್ಪಿಕೊಂಡವು.

ಇದನ್ನು ಯಾವ ಶಾಲೆಯಲ್ಲಾದರೂ ಮಾಡಿ ನೋಡಬಹುದು. ನೀರು ಜಿನುಗುವ ಮಣ್ಣಿನ ಕುಡಿಕೆಯಲ್ಲಿ ಉಪ್ಪುನೀರು, ಅದರಲ್ಲಿ ಸತುವಿನ ಪಟ್ಟಿ. ಕುಡಿಕೆಯನ್ನು ಇಟ್ಟ ಗಾಜಿನ ಬೋಗುಣಿಯಲ್ಲಿ ಮೈಲುತುತ್ತದ ದ್ರಾವಣ, ಅದರಲ್ಲಿ ತಾಮ್ರದ ತಂತಿ. ಎರಡಕ್ಕೂ ಮಲ್ಟಿಮೀಟರಿನ ಮುಳ್ಳು ತಾಗಿಸಿದರೆ 1 ವೋಲ್ಟಿನ ಆಸುಪಾಸಿನ ಅಂಕಿ ಕಾಣಿಸುತ್ತದೆ. ಪಟ್ಟಿಯ ಲೆಕ್ಕ ಹೇಳುವುದೂ ಅದನ್ನೇ: 0.34ರಿಂದ ಮೈನಸ್ 0.76 ಕಳೆದರೆ 1.10. ಮೈಲುತುತ್ತ ವಿಷ, ಕೈ ತೊಳೆದುಕೊಳ್ಳಬೇಕು, ಉಳಿದ ದ್ರಾವಣವನ್ನು ಕೆರೆಗೋ ಬಾವಿ ಹತ್ತಿರವೋ ಚೆಲ್ಲಬಾರದು. ಅಷ್ಟು ಎಚ್ಚರ ಇಟ್ಟುಕೊಂಡರೆ, ಹದಿನೇಳರ ಹುಡುಗ ಹುಡುಗಿಯರು ಆ ಅಂಕಿಯನ್ನು ಪುಸ್ತಕದಲ್ಲಿ ಓದುವುದಕ್ಕೂ ಮೀಟರಿನಲ್ಲಿ ಕಾಣುವುದಕ್ಕೂ ಇರುವ ಅಂತರ ಅವರ ಕಣ್ಣಲ್ಲೇ ಗೊತ್ತಾಗುತ್ತದೆ.

ಸೊನ್ನೆ ಎಲ್ಲಿದೆ?

ಈಗ ಕೇಳಲೇಬೇಕಾದ ಪ್ರಶ್ನೆ. ಸತುವಿನದು ಮೈನಸ್ 0.76 ಎಂದು ಅಳೆದವರು ಯಾರು, ಹೇಗೆ?

ಸತುವೊಂದನ್ನೇ ಹಿಡಿದು ಯಾರೂ ಅಳೆದಿಲ್ಲ, ಅಳೆಯಲೂ ಆಗದು. ಮೀಟರಿಗೆ ಎರಡು ಮುಳ್ಳುಗಳಿವೆ. ಒಂದು ಸತುವಿಗೆ ತಾಗಿದರೆ ಇನ್ನೊಂದು ಏನಕ್ಕಾದರೂ ತಾಗಲೇಬೇಕು. ದ್ರಾವಣಕ್ಕೆ ಅದ್ದಿದರೆ ಆ ಮುಳ್ಳೇ ಎರಡನೆಯ ವಿದ್ಯುದಗ್ರವಾಗಿಬಿಡುತ್ತದೆ. ಅಳೆಯಲು ಸಿಗುವುದು ವ್ಯತ್ಯಾಸ ಮಾತ್ರ. ಹೀಗಾಗಿ ವಿಜ್ಞಾನಿಗಳು ಒಂದು ಒಪ್ಪಂದಕ್ಕೆ ಬಂದರು. ಪ್ಲಾಟಿನಂ ತಗಡಿನ ಮೇಲೆ ಹೈಡ್ರೊಜನ್ ಅನಿಲ ಹರಿಯುತ್ತಿರಲಿ, ಸುತ್ತ ನಿಗದಿತ ಪ್ರಬಲತೆಯ ಆಮ್ಲವಿರಲಿ, ಅದನ್ನು ಸೊನ್ನೆ ಎಂದು ಕರೆಯೋಣ, ಉಳಿದದ್ದೆಲ್ಲ ಅದರಿಂದ ಮೇಲೆ ಅಥವಾ ಕೆಳಗೆ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಎನ್ನುವಾಗ ಸಮುದ್ರ ಮಟ್ಟವನ್ನು ಸೊನ್ನೆ ಎಂದುಕೊಂಡಿರುತ್ತೇವಲ್ಲ, ಹಾಗೆ. ಸೊನ್ನೆಯನ್ನು ಬೇರೆ ಕಡೆ ಇಟ್ಟರೆ ಪಟ್ಟಿಯ ಪ್ರತಿಯೊಂದು ಅಂಕಿಯೂ ಬದಲಾಗುತ್ತದೆ, ಸತು-ತಾಮ್ರದ ನಡುವಿನ 1.10 ಮಾತ್ರ ಬದಲಾಗುವುದಿಲ್ಲ.

ಯಾವ ಕಡೆ ಪ್ಲಸ್, ಯಾವ ಕಡೆ ಮೈನಸ್ ಎಂಬುದರಲ್ಲೂ ಬಹಳ ಕಾಲ ಒಮ್ಮತವಿರಲಿಲ್ಲ. ಅಮೆರಿಕದ ಹಳೆಯ ಪುಸ್ತಕಗಳು ಸತುವಿಗೆ ಪ್ಲಸ್ 0.76 ಎಂದು ಬರೆಯುತ್ತಿದ್ದವು, ಯುರೋಪಿನವು ಮೈನಸ್. 1953ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ರಸಾಯನಶಾಸ್ತ್ರಜ್ಞರು ಮೈನಸ್ಸನ್ನು ಗಟ್ಟಿಮಾಡಿದರು.

ಆದ್ದರಿಂದ ಯಾವ ಲೋಹವೂ ತನ್ನಷ್ಟಕ್ಕೆ ಕೊಡುವವನೂ ಅಲ್ಲ, ಪಡೆಯುವವನೂ ಅಲ್ಲ. ಪಕ್ಕದಲ್ಲಿ ಯಾರಿದ್ದಾರೆ ಎಂಬುದೇ ಅದನ್ನು ತೀರ್ಮಾನಿಸುತ್ತದೆ. ತವರವನ್ನು ನೋಡಿ. ಅದರ ವಿಭವ ಮೈನಸ್ 0.14. ತಾಮ್ರದ ಹಂಡೆಗೆ ಕಲಾಯಿ ಹಾಕಿಸಿದಾಗ ಒಳಗೆ ತವರದ ತೆಳು ಪದರ ಕೂರುತ್ತದೆ. ಆ ಪದರ ಒಂದೆಡೆ ಗೀರಿದರೂ ಅಲ್ಲಿ ಕರಗುವ ಸರದಿ ತವರದ್ದು, ತಾಮ್ರದ್ದಲ್ಲ. ತಾಮ್ರದ ಪಕ್ಕದಲ್ಲಿ ತವರ ಕೊಡುವ ಲೋಹ. ಅದೇ ತವರವನ್ನು ಕಬ್ಬಿಣದ ತಗಡಿಗೆ ಬಳಿದು ಡಬ್ಬಿ ಮಾಡಿ, ಅದು ಹೊರಗಡೆ ಗೀರಿತೆನ್ನಿ. ಅಲ್ಲಿ ಕಬ್ಬಿಣ ಕೊಡುವ ಲೋಹವಾಗುತ್ತದೆ, ತವರ ಪಡೆಯುವ ಪಕ್ಷ ಸೇರುತ್ತದೆ, ಬಳಿಯದಿದ್ದರೆ ಹಿಡಿಯುತ್ತಿದ್ದುದಕ್ಕಿಂತ ಬೇಗ ಆ ಗೀರಿನಲ್ಲಿ ತುಕ್ಕು ಹಿಡಿಯುತ್ತದೆ. ತಾಮ್ರವನ್ನು ಕಾಯ್ದ ಲೋಹವೇ ಕಬ್ಬಿಣವನ್ನು ಕೈಬಿಟ್ಟಿತು. ಸತು ಬಳಿದ ಜಿಐ ಶೀಟು, ಜಿಐ ಪೈಪುಗಳು ಗೀರಿದರೂ ತಾಳಿಕೊಳ್ಳುವುದು ಇದೇ ಕಾರಣಕ್ಕೆ: ಮೈನಸ್ 0.76ರ ಸತು ಮೈನಸ್ 0.44ರ ಕಬ್ಬಿಣಕ್ಕಿಂತ ಮೊದಲು ತಾನು ಕರಗುತ್ತದೆ. ಮನೆಗೆ ವಯರಿಂಗ್ ಮಾಡುವ ನುರಿತ ಎಲೆಕ್ಟ್ರಿಷಿಯನ್ ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿಯನ್ನು ಸುಮ್ಮನೆ ತಿರುಚಿ ಕಟ್ಟಲು ಒಪ್ಪುವುದಿಲ್ಲ. ಎರಡರ ನಡುವೆ 2 ವೋಲ್ಟಿನ ಅಂತರವಿದೆ, ಮಳೆಗಾಲದ ತೇವ ಸಿಕ್ಕರೆ ಆ ಜಾಯಿಂಟು ಒಂದು ಪುಟ್ಟ ಕೋಶವಾಗಿ ಅಲ್ಯೂಮಿನಿಯಮ್ಮನ್ನು ತಿನ್ನತೊಡಗುತ್ತದೆ. ಸಡಿಲಾದ ಜಾಯಿಂಟು ಕಾದು ಬೆಂಕಿಗೂ ಕಾರಣವಾಗಬಹುದು.

ಈ ತತ್ವವನ್ನು ಮೊದಲು ಬೇಕೆಂದೇ ಬಳಸಿದವರು ಹಂಫ್ರಿ ಡೇವಿ. ಬ್ರಿಟಿಷ್ ನೌಕಾಪಡೆಯ ಮರದ ಹಡಗುಗಳಿಗೆ ಹುಳ ಹಿಡಿಯದಂತೆ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು. ಸಮುದ್ರದ ನೀರು ಆ ತಾಮ್ರವನ್ನೇ ತಿನ್ನುತ್ತಿತ್ತು. 1824ರಲ್ಲಿ ಡೇವಿ, ತಾಮ್ರಕ್ಕೆ ತಾಗಿದಂತೆ ಸತುವಿನ ಅಥವಾ ಬೀಡು ಕಬ್ಬಿಣದ ಸಣ್ಣ ತುಂಡುಗಳನ್ನು ಕೂರಿಸಿದರೆ ಅವು ಕರಗುತ್ತವೆ, ತಾಮ್ರ ಉಳಿಯುತ್ತದೆ ಎಂದು ರಾಯಲ್ ಸೊಸೈಟಿಗೆ ಪ್ರಬಂಧ ಬರೆದರು. ಸಮರಾಂಗ್ ಎಂಬ ಹಡಗಿನಲ್ಲಿ ಪ್ರಯೋಗವೂ ನಡೆಯಿತು. ತಾಮ್ರ ನಿಜಕ್ಕೂ ಉಳಿಯಿತು. ಆದರೆ ಹಡಗಿನ ತಳವೆಲ್ಲ ಪಾಚಿ, ಚಿಪ್ಪುಜೀವಿಗಳಿಂದ ಮುಚ್ಚಿಹೋಗಿ ವೇಗ ಕುಂದಿತು. ಇಷ್ಟು ದಿನ ಚೂರುಚೂರೇ ಕರಗುತ್ತಿದ್ದ ತಾಮ್ರವೇ ಅವುಗಳಿಗೆ ವಿಷವಾಗಿ ತಳವನ್ನು ಚೊಕ್ಕಟವಾಗಿ ಇಡುತ್ತಿತ್ತು! ಕರಗುವುದನ್ನು ನಿಲ್ಲಿಸಿದ್ದೇ ತಪ್ಪಾಯಿತು. ನೌಕಾಪಡೆ ಯೋಜನೆಯನ್ನು ಕೈಬಿಟ್ಟಿತು, ಡೇವಿ ಬಹಳ ನೊಂದರು. ಅವರ ರಸಾಯನಶಾಸ್ತ್ರದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಇಂದು ಉಕ್ಕಿನ ಹಡಗುಗಳ ತಳಕ್ಕೆ, ನೆಲದಡಿಯ ತೈಲದ ಕೊಳವೆಗಳಿಗೆ ಸತು, ಮೆಗ್ನೀಸಿಯಮ್ ಗಟ್ಟಿಗಳನ್ನು ಜೋಡಿಸುವುದು ಡೇವಿ ತೋರಿಸಿದ ದಾರಿಯಲ್ಲೇ.

ಕೋಲಾರದ ಚಿನ್ನ ಕರಗಿದ್ದು ಹೇಗೆ

ಪಟ್ಟಿಯ ಅಂಕಿಗಳು ಒಂದು ಷರತ್ತಿಗೆ ಒಳಪಟ್ಟಿವೆ: ದ್ರಾವಣದಲ್ಲಿ ಆ ಲೋಹದ ಅಯಾನುಗಳು ನಿಗದಿತ ಪ್ರಮಾಣದಲ್ಲಿ ಇರಬೇಕು, ತಾಪಮಾನ 25 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಾಗಿಲ್ಲದಿದ್ದರೆ ಅಂಕಿ ಎಷ್ಟು ಸರಿಯುತ್ತದೆ ಎಂಬ ಸೂತ್ರವನ್ನು 1889ರಲ್ಲಿ ಜರ್ಮನಿಯ ವಾಲ್ಟರ್ ನೆರ್ನ್ಸ್ಟ್ ಕೊಟ್ಟರು. ಒಂದು ಎಲೆಕ್ಟ್ರಾನಿನ ವ್ಯವಹಾರವಾದರೆ, ಅಯಾನುಗಳು ಹತ್ತು ಪಟ್ಟು ಕಡಿಮೆಯಾದಾಗಲೆಲ್ಲ ವಿಭವ 59 ಮಿಲಿವೋಲ್ಟ್ ಇಳಿಯುತ್ತದೆ. ಮಣ್ಣು ಪರೀಕ್ಷಾ ಕೇಂದ್ರದ ಪಿಎಚ್ ಮೀಟರು ಅಳೆಯುವುದು ಈ 59 ಮಿಲಿವೋಲ್ಟುಗಳನ್ನೇ. ಹಣ್ಣಿನ ರಸ ತುಂಬಿ ಗಾಳಿಯಾಡದಂತೆ ಮುಚ್ಚಿದ ತವರದ ಡಬ್ಬಿಯ ಒಳಮೈಯಲ್ಲಿ ನಡೆಯುವ ಸೋಜಿಗಕ್ಕೂ ಇದೇ ಕಾರಣ: ಹಣ್ಣಿನ ಆಮ್ಲಗಳು ತವರದ ಅಯಾನುಗಳನ್ನು ಹಿಡಿದಿಟ್ಟುಕೊಂಡು ಅದರ ವಿಭವವನ್ನು ಕಬ್ಬಿಣದ್ದಕ್ಕಿಂತ ಕೆಳಗೆ ಇಳಿಸುತ್ತವೆ. ಡಬ್ಬಿಯ ಹೊರಗೆ ಕಬ್ಬಿಣವನ್ನು ಕೈಬಿಟ್ಟ ತವರ, ಒಳಗೆ ತಾನೇ ಕರಗಿ ಅದನ್ನು ಕಾಯುತ್ತದೆ.

ನೆರ್ನ್ಸ್ಟ್ ಸೂತ್ರದ ಶಕ್ತಿ ಪೂರ್ತಿ ಕಾಣಬೇಕಾದರೆ ಕೋಲಾರದ ಚಿನ್ನದ ಗಣಿಗೆ ಹೋಗಬೇಕು. ಚಿನ್ನ ಪಟ್ಟಿಯ ತುತ್ತತುದಿಯ ಲೋಹಗಳಲ್ಲೊಂದು, ಪ್ಲಸ್ 1.50 ವೋಲ್ಟ್. ಗಾಳಿಯ ಆಮ್ಲಜನಕಕ್ಕೆ ಆಮ್ಲದಲ್ಲಿ ಸಿಗುವ ಬಲ ಹೆಚ್ಚೆಂದರೆ 1.23. ಹೀಗಾಗಿ ಗಾಳಿ, ಮಳೆ, ಬೆವರು ಯಾವುದೂ ಚಿನ್ನದಿಂದ ಎಲೆಕ್ಟ್ರಾನು ಕಿತ್ತುಕೊಳ್ಳಲಾರವು. ಅಜ್ಜಿಯ ಸರ ಮೊಮ್ಮಗಳ ಕೊರಳಲ್ಲೂ ಹೊಳೆಯುವುದು ಇದರಿಂದಲೇ. ಗಣಿಗಾರನಿಗೆ ಇದೇ ತಲೆನೋವು. ಕಲ್ಲನ್ನು ಹಿಟ್ಟು ಮಾಡಿ ಪಾದರಸಕ್ಕೆ ಹಿಡಿದರೆ ದಪ್ಪ ಕಣಗಳು ಸಿಗುತ್ತವೆ, ಕಣ್ಣಿಗೆ ಕಾಣದ ಚಿನ್ನ ಕಲ್ಲಿನ ಹಿಟ್ಟಿನಲ್ಲೇ ಉಳಿದುಬಿಡುತ್ತದೆ.

1887ರಲ್ಲಿ ಗ್ಲಾಸ್ಗೊ ನಗರದ ಜಾನ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸೈನೈಡ್ ವಿಧಾನಕ್ಕೆ ಪೇಟೆಂಟ್ ಪಡೆದರು. ಸೈನೈಡಿನ ಎರಡು ಅಯಾನುಗಳು ಚಿನ್ನದ ಒಂದು ಅಯಾನನ್ನು ಎರಡೂ ಕಡೆಯಿಂದ ಬಿಗಿದು ಹಿಡಿಯುತ್ತವೆ. ಆ ಹಿಡಿತ ಎಷ್ಟು ಬಿಗಿಯೆಂದರೆ ನೀರಿನಲ್ಲಿ ಬಿಡಿಯಾಗಿ ಉಳಿಯುವ ಚಿನ್ನದ ಅಯಾನುಗಳು ಲೆಕ್ಕಕ್ಕೇ ಸಿಗುವುದಿಲ್ಲ. ನೆರ್ನ್ಸ್ಟ್ ಸೂತ್ರದ ಪ್ರಕಾರ ಚಿನ್ನದ ವಿಭವ ಜರ್ರನೆ ಜಾರಿ ಸುಮಾರು ಮೈನಸ್ 0.6 ವೋಲ್ಟಿಗೆ ಬರುತ್ತದೆ. ಕಬ್ಬಿಣಕ್ಕಿಂತಲೂ ಕೆಳಗೆ! ಕ್ಷಾರದ ನೀರಿನಲ್ಲಿ ಆಮ್ಲಜನಕದ ಬಲ ಪ್ಲಸ್ 0.40 ಇದ್ದರೂ ಈಗ ಧಾರಾಳವಾಗಿ ಸಾಕು. ಬರಿಯ ಗಾಳಿ ಊದಿದರೆ ಚಿನ್ನ ಕರಗುತ್ತದೆ. ಆ ದ್ರಾವಣಕ್ಕೆ ಸತುವನ್ನು ಹಾಕಿದರೆ ಸತು ಎಲೆಕ್ಟ್ರಾನು ಕೊಟ್ಟು ತಾನು ನೀರಿಗಿಳಿದು ಚಿನ್ನವನ್ನು ಹೊರಗೆ ತಳ್ಳುತ್ತದೆ. ಬೋರ್ಡೊ ಡ್ರಮ್ಮಿನ ಕತ್ತಿ ತಾಮ್ರಕ್ಕೆ ಮಾಡಿದ್ದೂ ಇದನ್ನೇ.

ಇದೇ ವಿಧಾನದಿಂದ ಚಿನ್ನ ತೆಗೆದ ಕೋಲಾರದ ಕೆಜಿಎಫ್ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಊರಿನ ಸುತ್ತ ಸೈನೈಡ್ ದಿಬ್ಬಗಳೆಂದೇ ಜನ ಕರೆಯುವ ಬೂದುಬಣ್ಣದ ಗುಡ್ಡಗಳು ಉಳಿದಿವೆ. ಚಿನ್ನ ತೆಗೆದ ಮೇಲೆ ಸುರಿದ ಕಲ್ಲಿನ ಹಿಟ್ಟು ಅದು, 3 ಕೋಟಿ ಟನ್ನಿಗೂ ಮಿಕ್ಕಿ. ಬೇಸಗೆಯಲ್ಲಿ ಗಾಳಿ ಬೀಸಿದಾಗ ಅದರ ದೂಳು ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಈಗಲೂ ಬಾಳುವ ಮನೆಗಳ ಒಳಗೆ ಬರುತ್ತದೆ. ದಿಬ್ಬಗಳಲ್ಲಿ ಅಷ್ಟಿಷ್ಟು ಚಿನ್ನ ಉಳಿದಿದೆ, ಅದನ್ನು ತೆಗೆಯಬೇಕು ಎಂಬ ಮಾತು ಬಹಳ ವರ್ಷಗಳಿಂದ ನಡೆದಿದೆ. ಎರಡನೇ ಬಾರಿ ಚಿನ್ನ ತೆಗೆಯುವವರು ಮೊದಲು ಆ ದೂಳಿನಿಂದ ಊರನ್ನು ಕಾಪಾಡುವ ಹೊಣೆ ಹೊರಬೇಕು. ಆಮೇಲೆ ಉಳಿದ ಮಾತು.

ಆಗಬಹುದು, ಆದರೆ ಯಾವಾಗ?

ಇಲ್ಲಿಯವರೆಗೆ ಪಟ್ಟಿ ಹೇಳಿದ್ದೆಲ್ಲ ನಡೆದಿದೆ. ಈಗ ಅದು ಹೇಳಿಯೂ ನಡೆಯದ ಸಂಗತಿಗಳನ್ನು ನೋಡಬೇಕು. ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ.

ಅಲ್ಯೂಮಿನಿಯಂ ಮೈನಸ್ 1.66. ಸತುವಿಗಿಂತ, ಕಬ್ಬಿಣಕ್ಕಿಂತ ಬಹಳ ಉದಾರಿ. ಪಟ್ಟಿಯನ್ನು ನಂಬಿದರೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯಿಸುವಾಗ ಪಾತ್ರೆ ಕರಗಿ ಹೈಡ್ರೊಜನ್ ಏಳಬೇಕು. ಏಳುವುದಿಲ್ಲ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಮೂಡುವ ಆಕ್ಸೈಡಿನ ತೆಳುಪೊರೆ ನೀರನ್ನು ತಡೆದು ನಿಲ್ಲಿಸಿರುತ್ತದೆ.

ಇನ್ವರ್ಟರ್ ಬ್ಯಾಟರಿಯ ಕಥೆ ಇನ್ನೂ ವಿಚಿತ್ರ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸ-ಆಮ್ಲ ಬ್ಯಾಟರಿ ಇಂದಿಗೂ ನಮ್ಮ ಮನೆಗಳಲ್ಲಿ ಕರೆಂಟು ಹೋದಾಗ ಫ್ಯಾನು ತಿರುಗಿಸುತ್ತಿದೆ. ಗಂಧಕಾಮ್ಲದಲ್ಲಿ ಅದ್ದಿದ ಒಂದು ಫಲಕ ಸೀಸ, ಇನ್ನೊಂದು ಸೀಸದ ಡೈಆಕ್ಸೈಡು. ಮೊದಲನೆಯದರ ವಿಭವ ಮೈನಸ್ 0.36, ಎರಡನೆಯದರದು ಪ್ಲಸ್ 1.69. ಒಟ್ಟು ಅಂತರ 2.05 ವೋಲ್ಟ್, ಅಂಥ ಆರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ ನಮ್ಮ 12 ವೋಲ್ಟ್ ಬ್ಯಾಟರಿ. ಸರಿ, ಆದರೆ ಆಮ್ಲದಲ್ಲಿರುವ ನೀರನ್ನು ಒಡೆಯಲು 1.23 ವೋಲ್ಟ್ ಸಾಕು! ಲೆಕ್ಕದ ಪ್ರಕಾರ ಈ ಬ್ಯಾಟರಿ ಅಂಗಡಿಯ ಕಪಾಟಿನಲ್ಲೇ ತನ್ನ ನೀರನ್ನು ಹೈಡ್ರೊಜನ್, ಆಮ್ಲಜನಕಗಳಾಗಿ ಒಡೆದುಕೊಂಡು ಖಾಲಿಯಾಗಬೇಕಿತ್ತು. ಹಾಗಾಗದೆ ಉಳಿದಿರುವುದು ಸೀಸದ ಒಂದು ಗುಣದಿಂದ. ಸೀಸದ ಮೈಮೇಲೆ ಹೈಡ್ರೊಜನ್ ಅನಿಲ ಹುಟ್ಟುವುದು ತೀರ ನಿಧಾನ, ಪ್ಲಾಟಿನಂ ಮೇಲೆ ಹುಟ್ಟುವುದಕ್ಕಿಂತ ಎಷ್ಟೋ ಕೋಟಿ ಪಟ್ಟು ನಿಧಾನ. ಆಮ್ಲಜನಕವೂ ಎದುರಿನ ಫಲಕದ ಮೇಲೆ ನಿಧಾನವಾಗಿಯೇ ಹುಟ್ಟುತ್ತದೆ. ಈ ನಿಧಾನವೇ ಬ್ಯಾಟರಿಯ ಆಯಸ್ಸು.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು ಎಂದು ಅಂಗಡಿಯವರು ಹೇಳುವುದರ ಹಿಂದೆ ಇರುವುದು ಇದೇ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ, ಕ್ಲೋರೈಡ್ ಇರುತ್ತವೆ. ಕಬ್ಬಿಣದ ಅಯಾನು ಒಂದು ಫಲಕದಲ್ಲಿ ಎಲೆಕ್ಟ್ರಾನು ಕೊಟ್ಟು ಇನ್ನೊಂದರಲ್ಲಿ ಪಡೆದು, ಮತ್ತೆ ಕೊಟ್ಟು ಮತ್ತೆ ಪಡೆದು, ಎರಡರ ನಡುವೆ ಓಡಾಡುತ್ತಲೇ ಚಾರ್ಜನ್ನು ಬರಿದು ಮಾಡುತ್ತದೆ. ಕೆಲವು ಲೋಹಗಳಂತೂ ಸೀಸದ ಮೇಲೆ ಕೂತು ಹೈಡ್ರೊಜನ್ನಿಗೆ ಸುಲಭದ ದಾರಿ ಮಾಡಿಕೊಡುತ್ತವೆ. ಚಾರ್ಜ್ ಆಗುವಾಗ ಒಂದಿಷ್ಟು ನೀರು ಹೇಗೂ ಒಡೆಯುವುದರಿಂದಲೇ ಆಗಾಗ ನೀರು ತುಂಬಬೇಕಾಗುತ್ತದೆ. ಹಾಗೆ ಹೊರಬರುವ ಹೈಡ್ರೊಜನ್ ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ, ದೇವರ ದೀಪದ ಪಕ್ಕದಲ್ಲಿ ಇನ್ವರ್ಟರ್ ಇಟ್ಟಿದ್ದರೆ ದಯವಿಟ್ಟು ಇಂದೇ ಜಾಗ ಬದಲಿಸಿ.

ವಿಭವ ಹೇಳುವುದು ದಾರಿ ಯಾವ ಕಡೆಗೆ ಇಳಿಜಾರು ಎಂದು ಮಾತ್ರ. ಪಯಣಕ್ಕೆ ಒಂದು ಕ್ಷಣ ಹಿಡಿಯುತ್ತದೋ ಸಾವಿರ ವರ್ಷವೋ ಎಂಬುದನ್ನು ಅದು ಹೇಳುವುದಿಲ್ಲ. ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ, ಬ್ಯಾಟರಿ ತಯಾರಿಸುವವರ ಕೆಲಸದ ಬಹುಪಾಲು ಆ ಒಂದು ಸಾಲಿನಲ್ಲಿದೆ.

ಲಿಥಿಯಂ, ಆಮೇಲೆ ಸೋಡಿಯಂ

ಟಾರ್ಚಿಗೆ ಹಾಕುವ ಒಣ ಸೆಲ್ಲಿನ ಮೂಲ 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಮಾಡಿದ ಕೋಶ. ಸತು, ನಡುವೆ ಇಂಗಾಲದ ಕಡ್ಡಿ, ಸುತ್ತ ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿ, ಕಲಾಯಿಯವನ ಜೋಳಿಗೆಯಲ್ಲಿರುವ ಅದೇ ನವಸಾಗರ, ಒಟ್ಟು 1.5 ವೋಲ್ಟ್. ನೀರಿನ ಅಂಶವಿರುವ ಕೋಶಗಳೆಲ್ಲ 2 ವೋಲ್ಟಿನ ಆಸುಪಾಸಿನಲ್ಲೇ ನಿಂತುಬಿಡುತ್ತವೆ, ಅದಕ್ಕಿಂತ ಹೆಚ್ಚು ಬಲ ಬಂದರೆ ನೀರು ಒಡೆಯುವುದನ್ನು ತಡೆಯಲಾಗದು.

ಪಟ್ಟಿಯ ಕಟ್ಟಕಡೆಯಲ್ಲಿ ಲಿಥಿಯಂ ಇದೆ, ಮೈನಸ್ 3.04 ವೋಲ್ಟ್. ಲೋಹಗಳಲ್ಲೆಲ್ಲ ಹಗುರವಾದದ್ದೂ ಅದೇ. ಕೊಡುವುದರಲ್ಲಿ ಅದನ್ನು ಮೀರಿಸಿದ ಲೋಹವಿಲ್ಲ. ಅದನ್ನು ಪಳಗಿಸಬೇಕಾದರೆ ನೀರನ್ನೇ ಹೊರಗಿಡಬೇಕಾಯಿತು. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್, 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಕಟ್ಟಿದ ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರ ರಸಾಯನಶಾಸ್ತ್ರದ ನೊಬೆಲ್ ಬಂದಾಗ ಗುಡ್‌ಇನಫ್ ಅವರಿಗೆ 97 ವರ್ಷ. ಒಂದೇ ಕೋಶದಿಂದ 3.7 ವೋಲ್ಟ್ ಸಿಗುತ್ತದೆ, ಟಾರ್ಚ್ ಸೆಲ್ಲಿನ ಎರಡು ಪಟ್ಟಿಗಿಂತ ಹೆಚ್ಚು.

ಇಲ್ಲೂ ನಿಧಾನದ ಕೃಪೆಯೇ ಕಾಯುತ್ತಿದೆ. ಬ್ಯಾಟರಿಯೊಳಗಿನ ಸಾವಯವ ದ್ರವ ಗ್ರಾಫೈಟ್ ಫಲಕದ ವಿಭವವನ್ನು ತಾಳಲಾರದು, ಒಡೆಯಲೇಬೇಕು. ಮೊದಲ ಚಾರ್ಜಿನಲ್ಲಿ ಒಡೆಯುತ್ತದೆ ಕೂಡ. ಒಡೆದ ಚೂರುಗಳೇ ಫಲಕದ ಮೇಲೆ ಪೊರೆಯಾಗಿ ಕೂತು, ಲಿಥಿಯಂ ಅಯಾನನ್ನು ಮಾತ್ರ ಒಳಗೆ ಬಿಟ್ಟು ಉಳಿದ ದ್ರವವನ್ನು ಕಾಯುತ್ತವೆ. ಫೋನು ಕಾದ ಕಾರಿನಲ್ಲಿ ಬೆಂದಾಗ, ಸ್ಕೂಟರಿನ ಬ್ಯಾಟರಿಗೆ ಪೆಟ್ಟು ಬಿದ್ದಾಗ, ಕಳಪೆ ಚಾರ್ಜರ್ ಹಾಕಿದಾಗ ಬ್ಯಾಟರಿ ವಿಪರೀತ ಕಾದರೆ ಮೊದಲು ಹಾಳಾಗುವುದು ಈ ಪೊರೆ. ಪೊರೆ ಹೋದರೆ ಪಟ್ಟಿ ಹೇಳಿದ್ದೆಲ್ಲ ಒಮ್ಮೆಲೇ ನಡೆದುಹೋಗುತ್ತದೆ, ಆ ದ್ರವ ಉರಿಯುವಂಥದ್ದು.

ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲ ಪ್ರದೇಶದಲ್ಲಿ ಲಿಥಿಯಂ ಇದೆಯೆಂದು ಅಣುಶಕ್ತಿ ಇಲಾಖೆಯ ಖನಿಜ ವಿಭಾಗ ಗುರುತಿಸಿದೆ. ಅಂದಾಜು 1,600 ಟನ್. ಪತ್ರಿಕೆಗಳಲ್ಲಿ ಇದಕ್ಕೆ ಸಿಕ್ಕ ದೊಡ್ಡ ತಲೆಬರಹಗಳಿಗೆ ಹೋಲಿಸಿದರೆ ಪ್ರಮಾಣ ಬಹಳ ಸಣ್ಣದು. ದೇಶದ ವಾಹನಗಳನ್ನು ಓಡಿಸುವ ನಿಧಿ ಅದಲ್ಲ. ಆದರೆ ಪಟ್ಟಿಯಲ್ಲಿ ಲಿಥಿಯಮ್ಮಿನಿಂದ ಕೆಲವೇ ಮೆಟ್ಟಿಲು ಈಚೆಗೆ ಸೋಡಿಯಂ ಇದೆ, ಮೈನಸ್ 2.71. ಅದಕ್ಕಾಗಿ ಕಲ್ಲು ಒಡೆಯಬೇಕಾಗಿಲ್ಲ. ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ಬಿಸಿಲಿಗೆ ಹೊಳೆಯುವ ರಾಶಿಯಲ್ಲಿ ತೂಕದ ಸುಮಾರು ನೂರಕ್ಕೆ 39 ಪಾಲು ಅದೇ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬೇಗ ಚಾರ್ಜ್ ಆಗುವ ಸೋಡಿಯಂ ಅಯಾನ್ ಬ್ಯಾಟರಿಯ ಮೇಲೆ ಕೆಲಸ ಮಾಡುತ್ತಿದ್ದಾರೆ.

ಸೋಡಿಯಂ ಪರಮಾಣು ಲಿಥಿಯಮ್ಮಿನ ಮೂರು ಪಟ್ಟಿಗಿಂತ ಭಾರ. ಹೀಗಾಗಿ ಅದೇ ತೂಕದ ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿ ಕಡಿಮೆ. ಹಗುರವಿರಲೇಬೇಕಾದ ಫೋನಿಗೆ, ದೂರ ಓಡಬೇಕಾದ ಕಾರಿಗೆ ಲಿಥಿಯಮ್ಮೇ ಸರಿ. ಆದರೆ ಪಾವಗಡದ ಸೌರ ಪಾರ್ಕಿನಲ್ಲಿ ಹಗಲು ಹುಟ್ಟುವ ವಿದ್ಯುತ್ತನ್ನು ರಾತ್ರಿಗೆ ಉಳಿಸುವ ಬ್ಯಾಟರಿ ಎಲ್ಲಿಗೂ ಓಡಬೇಕಾಗಿಲ್ಲ, ನೆಲದ ಮೇಲೆ ಕೂತಿದ್ದರೆ ಸಾಕು. ಸೋಡಿಯಂ ಕೋಶದಲ್ಲಿ ಎರಡೂ ಕಡೆ ಅಲ್ಯೂಮಿನಿಯಂ ಹಾಳೆಯನ್ನೇ ಬಳಸಬಹುದು, ಲಿಥಿಯಂ ಕೋಶದಲ್ಲಿ ಒಂದು ಕಡೆಗೆ ದುಬಾರಿ ತಾಮ್ರವೇ ಬೇಕು. ಪಟ್ಟಿಯಲ್ಲಿ ಲಿಥಿಯಂ, ಸೋಡಿಯಂಗಳ ನಡುವಿನ ಅಂತರ 0.33 ವೋಲ್ಟ್. ಹೊರದೇಶದ ಗಣಿಗಳ ಹಂಗಿಲ್ಲದೆ ನಮ್ಮ ಮನೆಗಳ ರಾತ್ರಿ ದೀಪ ಉರಿಯುವುದಾದರೆ, ಆ 0.33 ವೋಲ್ಟನ್ನು ಬಿಟ್ಟುಕೊಡುವುದು ಒಳ್ಳೆಯ ವ್ಯಾಪಾರವೇ.